ತೇವದ ಲೆಕ್ಕ ನಾವೂ ಕಲಿಯೋಣ



ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ಒಯ್ದವರಿಗೆಲ್ಲ ಇದು ಗೊತ್ತು. ಖರೀದಿದಾರ ಚೀಲಕ್ಕೆ ಕೈ ಹಾಕಿ 'ಹಸಿ ಐತಿ' ಅಂತಾನೆ, ಅಲ್ಲಿಗೆ ದರ ಇಳೀತು. 2025-26ಕ್ಕೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಅದಕ್ಕೆ ತೇವ ಶೇಕಡಾ 14 ಮೀರಬಾರದು. ಹರಿಹರದ ಕಡೆಯ ಭತ್ತಕ್ಕೆ ಈ ಮಿತಿ 17.

ಮಿತಿಯೇ ಬೇಡ ಅನ್ನುವುದು ನನ್ನ ವಾದವಲ್ಲ. ಹಸಿ ಕಾಳು ಬೂಷ್ಟು ಹಿಡಿಯುತ್ತೆ, ಅದು ಕೋಳಿಗೂ ವಿಷ. ಆದರೆ ಲೆಕ್ಕ ಕೇಳ್ರಿ. ತೇವ 18 ಇದ್ದರೆ ನೂರು ಕಿಲೋದಲ್ಲಿ ನೀರು 18, ಉಳಿದದ್ದು 82. ಅದನ್ನೇ 14ಕ್ಕೆ ಒಣಗಿಸಿದರೆ 95 ಕಿಲೋ ಚಿಲ್ಲರೆ ತೂಗುತ್ತದೆ. ಕಳೆಯುವುದು ಐದು ಕಿಲೋದೊಳಗೆ. 2,400ರ ದರದಲ್ಲಿ ಸುಮಾರು 112 ರೂಪಾಯಿ. ಒಣಗಿಸುವ ಕೂಲಿ ಬೇಕಾದರೆ ಸೇರಿಸಲಿ. ಅದಕ್ಕೂ ಮೇಲೆ ಮುರಿದುಕೊಂಡರೆ, ಅದು ಯಾವ ಬಾಬ್ತು ಅಂತ ಕೇಳಬೇಕೋ ಬೇಡವೋ?

ಇನ್ನು ಕಣದಲ್ಲಿ ಕಾದು ಒಣಗಿಸಿ 12ಕ್ಕೆ ಇಳಿಸಿ ತಂದವನು ಕ್ವಿಂಟಾಲಿಗೆ ಎರಡು ಕಿಲೋ ನೀರಿನ ಬದಲು ಕಾಳನ್ನೇ ಕೊಟ್ಟಂತಾಯ್ತು. ಬೆಂಬಲ ಬೆಲೆಯಲ್ಲಿ ಅವನಿಗೆ ಒಂದು ಪೈಸೆ ಹೆಚ್ಚಿಲ್ಲ! ಮಾಪಕ ಇಳಿಸೋದಕ್ಕೆ ಮಾತ್ರ ಐತಿ, ಏರಿಸೋದಕ್ಕಲ್ಲ.

ಊರಿನ ಸೊಸೈಟಿಯಲ್ಲಿ ಒಂದು ಮಾಪಕ ಇಡಿಸಿ, ಲಾರಿ ಹೇರುವ ಮುಂಚೆ ನೋಡ್ರಿ. ಮಾರುಕಟ್ಟೆಯಲ್ಲಿ ಬಂದ ಅಂಕಿಯನ್ನು ಪಟ್ಟಿಯಲ್ಲೇ ಬರೆಸ್ಕೊಳ್ರಿ.