ಹಳೆಯ ಪಿಕಪ್‌ಗೆ ಹೊಸ ಮೋಟಾರು: ಮೊದಲು ಪೆನ್ಸಿಲ್, ಆಮೇಲೆ ಸ್ಪ್ಯಾನರ್



ಮನೆಯ ಮುಂದೆ ಹಳೆಯ ಪಿಕಪ್ ಟ್ರಕ್ ಒಂದು ನಿಂತಿದೆ ಅಂದುಕೊಳ್ಳಿ. ಬಾಡಿ ಗಟ್ಟಿಯಾಗಿದೆ, ಎಂಜಿನ್ ಮಾತ್ರ ಕೈಕೊಟ್ಟಿದೆ. ಗುಜರಿಗೆ ಹಾಕಬೇಕೋ, ನಮ್ಮ ಗ್ಯಾರೇಜಿನಲ್ಲೇ ಕರೆಂಟಿನ ಗಾಡಿ ಮಾಡಿಕೊಳ್ಳಬೇಕೋ? ಮಾಡಿಕೊಳ್ಳಬಹುದು. ಅಮೆರಿಕದ ಹವ್ಯಾಸಿಗಳು ದಶಕಗಳಿಂದ ಮಾಡುತ್ತ ಬಂದಿದ್ದಾರೆ. ಶೆವ್ರೊಲೆ ಎಸ್-10, ಫೋರ್ಡ್ ರೇಂಜರ್‌ನಂಥ ಚಿಕ್ಕ ಪಿಕಪ್‌ಗಳೆಂದರೆ ಅವರಿಗೆ ಅಚ್ಚುಮೆಚ್ಚು. ಭಾರ ಹೊರಲೆಂದೇ ಮಾಡಿದ ಚಾಸಿ, ಹಿಂದೆ ಬ್ಯಾಟರಿಗೆ ಬೇಕಾದಷ್ಟು ಜಾಗ. ಆದರೆ ನಿಮಗೆ ನಾನು ಹೇಳುವುದು ಒಂದೇ ಮಾತು: ಸ್ಪ್ಯಾನರ್ ಹಿಡಿಯುವ ಮುಂಚೆ ಪೆನ್ಸಿಲ್ ಹಿಡಿಯಿರಿ.

ಕೆಲಸದ ಸ್ವರೂಪ ಹೀಗೆ. ಎಂಜಿನ್, ರೇಡಿಯೇಟರ್, ಸೈಲೆನ್ಸರ್, ಪೆಟ್ರೋಲ್ ಟ್ಯಾಂಕ್ ಹೊರಗೆ ಬರುತ್ತವೆ. ಗೇರ್‌ಬಾಕ್ಸ್ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಒಂದು ಅಡಾಪ್ಟರ್ ಪ್ಲೇಟ್ ಹಾಕಿ ಅದಕ್ಕೆ ಮೋಟಾರನ್ನು ಜೋಡಿಸುತ್ತಾರೆ. ಬ್ಯಾಟರಿಗೂ ಮೋಟಾರಿಗೂ ನಡುವೆ ಕಂಟ್ರೋಲರ್ ಕೂರುತ್ತದೆ. ನೀವು ಪೆಡಲ್ ಒತ್ತಿದಷ್ಟು ಕರೆಂಟ್ ಬಿಡುವ ನಲ್ಲಿ ಅದು. ಇನ್ನೊಂದನ್ನು ಮರೆಯಬೇಡಿ: ಬ್ರೇಕಿಗೆ ಬಲ ಕೊಡುತ್ತಿದ್ದ ನಿರ್ವಾತ ಎಂಜಿನ್‌ನಿಂದ ಬರುತ್ತಿತ್ತು. ಎಂಜಿನ್ ಹೋದ ಮೇಲೆ ಅದಕ್ಕೊಂದು ಪುಟ್ಟ ಪಂಪ್ ಬೇಕು. ಇಲ್ಲದಿದ್ದರೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ.

ಈಗ ಲೆಕ್ಕ. ಚಿಕ್ಕ ಪಿಕಪ್ ಒಂದು ಮೈಲಿಗೆ ಸುಮಾರು 0.4 ಕಿಲೋವ್ಯಾಟ್ ಅವರ್ ತಿನ್ನುತ್ತದೆ. ಊರಿನ ಕರೆಂಟ್ ಬಿಲ್ಲಿನಲ್ಲಿ ಅಜ್ಜ ಎಣಿಸುವ 'ಯೂನಿಟ್' ಅಂದರೆ ಇದೇ ಕಿಲೋವ್ಯಾಟ್ ಅವರ್. 3.2 ವೋಲ್ಟಿನ 45 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 144 ವೋಲ್ಟ್. ಒಂದೊಂದೂ 200 ಆಂಪಿಯರ್ ಅವರ್ ಆದರೆ ಒಟ್ಟು 28.8 ಯೂನಿಟ್. ಅದರಲ್ಲಿ 80 ಶೇಕಡಾ ಬಳಸಿದರೂ 57 ಮೈಲಿ ಓಡಬಹುದು. ಫ್ಲೂಗರ್‌ವಿಲ್‌ನಿಂದ ಆಸ್ಟಿನ್ ಪೇಟೆಗೆ ಹೋಗಿಬರಲು ಧಾರಾಳ ಸಾಕು. ಡಲ್ಲಾಸ್‌ನ ರಾಜ್ಯೋತ್ಸವಕ್ಕೆ ಮಾತ್ರ ಅಪ್ಪನ ಕಾರೇ ಗತಿ. ಚಾರ್ಜ್ ಮಾಡಲು 240 ವೋಲ್ಟಿನ 30 ಆಂಪಿಯರ್ ಲೈನಿದ್ದರೆ 24 ಆಂಪಿಯರ್ ಎಳೆಯಬಹುದು, ಸುಮಾರು ಐದು ಗಂಟೆ ಸಾಕು. ಗೋಡೆಯ ಮಾಮೂಲಿ ಪ್ಲಗ್ಗಿನಲ್ಲಾದರೆ ಇಪ್ಪತ್ತು ಗಂಟೆ.

ತೂಕದ ಲೆಕ್ಕವೂ ಮುಖ್ಯ. ಹಿಂದೆ ಗಾಲ್ಫ್ ಗಾಡಿಯ 6 ವೋಲ್ಟಿನ ಸೀಸದ ಬ್ಯಾಟರಿಗಳನ್ನು ಹಾಕುತ್ತಿದ್ದರು. 144 ವೋಲ್ಟಿಗೆ 24 ಬೇಕು, ಒಂದೊಂದೂ ಸುಮಾರು 28 ಕಿಲೋ. ಒಟ್ಟು 670 ಕಿಲೋ! ಟ್ರಕ್ಕು ಹೊರುವುದೆಲ್ಲ ಬ್ಯಾಟರಿಯನ್ನೇ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳಾದರೆ ಅದರ ಅರ್ಧಕ್ಕೂ ಕಡಿಮೆ. ಗಾಡಿ ಒಟ್ಟು ಎಷ್ಟು ಭಾರ ತಾಳುತ್ತದೆ ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಅದನ್ನು ಮೀರಬೇಡಿ.

ಈ ಐರನ್ ಫಾಸ್ಫೇಟ್ ಬ್ಯಾಟರಿ ಹುಟ್ಟಿದ್ದು ಎಲ್ಲಿ ಗೊತ್ತೇ? ನಿಮ್ಮ ಪಕ್ಕದಲ್ಲೇ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. 1997ರಲ್ಲಿ ಅದನ್ನು ಪ್ರಕಟಿಸಿದವರು ಮೂವರು: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ನಂಜುಂಡಸ್ವಾಮಿ ಎಂಬ ಹೆಸರು ಕೇಳಿದರೆ ನಿಮ್ಮ ಅಜ್ಜಿಗೆ ನಂಜನಗೂಡು ನೆನಪಾದೀತು. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ನೊಬೆಲ್ ಬಂತು. ಈ ಸೆಲ್‌ನಲ್ಲಿ ಆಮ್ಲಜನಕ ರಂಜಕಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ, ಬಿಸಿಯಾದರೂ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಮನೆಯ ಗ್ಯಾರೇಜಿಗೆ ಇದು ಒಪ್ಪುವುದು ಅದಕ್ಕೇ.

ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. 144 ವೋಲ್ಟ್ ಡಿ.ಸಿ. ಕರೆಂಟ್ ಪ್ರಾಣ ತೆಗೆಯಬಲ್ಲದು. ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಕಬ್ಬಿಣ ಕರಗುವಂಥ ಕಿಡಿ ಏಳುತ್ತದೆ. ಕೆಲಸಕ್ಕೆ ಇಳಿಯುವ ಮುಂಚೆ ಉಂಗುರ, ಕಡಗ, ಬಳೆ, ಕತ್ತಿನ ಸರ ತೆಗೆದಿಡಿ. ಹಿಡಿಗೆ ಇನ್ಸುಲೇಶನ್ ಇರುವ ಉಪಕರಣಗಳನ್ನೇ ಬಳಸಿ. ಸೆಲ್‌ಗಳ ಸಾಲನ್ನು ಕೊನೆಯ ಗಳಿಗೆಯವರೆಗೂ ತುಂಡು ತುಂಡಾಗಿಯೇ ಇಡಿ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ, ಕೈಯಿಂದ ಎಳೆದು ಕರೆಂಟ್ ಕಡಿಯುವ ಸ್ವಿಚ್ಚೂ ಇರಲಿ. ಖಾಲಿ ಪೆಟ್ರೋಲ್ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ. ಅದರ ಹತ್ತಿರ ವೆಲ್ಡಿಂಗ್ ಬೇಡ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಸೆಲ್‌ಗಳನ್ನು ಚಾರ್ಜ್ ಮಾಡಬಾರದು. ಟೆಕ್ಸಾಸ್‌ನಲ್ಲಿ ಅಂಥ ಚಳಿ ಎಲ್ಲಿ ಎನ್ನಬೇಡಿ, 2021ರ ಫೆಬ್ರವರಿಯನ್ನು ನೆನೆಸಿಕೊಳ್ಳಿ. ಮನೆಯ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ಗೇ ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರೇ ಕೆಲಸ ಮಾಡಬೇಡಿ.

ಜೊತೆಗಿರುವ ಆ ಇನ್ನೊಬ್ಬರು ಅಪ್ಪನೋ ಅಮ್ಮನೋ ಆಗಲಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಒತ್ತಿ, ಫ್ಯೂಸಿಗೆ ತಂತಿ ಕಟ್ಟಿ ಬೆಳೆದವರು ಅವರಲ್ಲಿ ಅನೇಕರು. ಕೇಳಿ ನೋಡಿ.

ಇದರಿಂದ ದುಡ್ಡು ಉಳಿಯುತ್ತದೆಯೇ? ಹಾಗೆಂದು ನಂಬಿ ಹೊರಡಬೇಡಿ. ಅಷ್ಟು ಖರ್ಚಿಗೆ ಬಳಸಿದ ಎಲೆಕ್ಟ್ರಿಕ್ ಕಾರೇ ಸಿಕ್ಕೀತು. ಅಲ್ಲದೆ 2023ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ ಎಲೆಕ್ಟ್ರಿಕ್ ವಾಹನದ ನೋಂದಣಿ ನವೀಕರಣಕ್ಕೆ ವರ್ಷಕ್ಕೆ 200 ಡಾಲರ್ ಹೆಚ್ಚುವರಿ ಕಟ್ಟಬೇಕು. ಉಳಿಯುವುದು ವಿದ್ಯೆ. ಬೆಂಗಳೂರಿನ ಚೇತನ್ ಮೈನಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1990ರಲ್ಲಿ, ಸಹಪಾಠಿಗಳೊಂದಿಗೆ ಸೌರ ಕಾರು ಕಟ್ಟಿದ ತಂಡದಲ್ಲಿದ್ದರು. 2001ರಲ್ಲಿ ಅವರ ರೇವಾ ಕಾರು ಬೆಂಗಳೂರಿನ ರಸ್ತೆಗಿಳಿಯಿತು. 48 ವೋಲ್ಟ್, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಊರೊಳಗಿನ ಓಡಾಟಕ್ಕೆ ಎಷ್ಟು ಬೇಕೋ ಅಷ್ಟೇ ಬ್ಯಾಟರಿ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಏಳು ದಿನ, ರಾತ್ರಿ ಮಲಗುವ ಮುಂಚೆ, ನೀವು ಓಡಿಸುವ ಗಾಡಿಯ ಮೈಲಿ ಮೀಟರ್ ನೋಡಿ ಬರೆದಿಡಿ. ಯಾವ ದಿನವೂ 40 ಮೈಲಿ ದಾಟದಿದ್ದರೆ, ಆಗಸ್ಟ್ ತಿಂಗಳ ಎ.ಸಿ.ಗೂ ಬ್ಯಾಟರಿಗೆ ವಯಸ್ಸಾಗುವುದಕ್ಕೂ ಜಾಗ ಬಿಟ್ಟು, ನಿಮ್ಮ ಟ್ರಕ್ಕಿಗೆ ಇನ್ನೊಂದು ಆಯುಸ್ಸು ಇದೆ. ದಾಟಿದರೆ, ಬೇಸರವಿಲ್ಲದೆ ಅದನ್ನು ಕಳಿಸಿಕೊಡಿ. ಲೆಕ್ಕ ಹಾಕಿ ಬೇಡ ಎನ್ನುವುದೂ ಒಳ್ಳೆಯ ಎಂಜಿನಿಯರಿಂಗೇ.