ಪದ ಗೊತ್ತು, ಮಾತು ಬಾರದು

ಮಂಗಳೂರು, ಭಟ್ಕಳದಿಂದಲೂ ದುಬೈ, ಶಾರ್ಜಾದಿಂದಲೂ ಕೇಳುಗರು ಬರೆಯುವ ಪತ್ರಗಳಲ್ಲಿ ಒಂದೇ ಕೊರಗು: ಮಗು ಅರಬಿಯನ್ನು ಸಲೀಸಾಗಿ ಓದುತ್ತದೆ, ಪದಗಳನ್ನು ಸಾಲಾಗಿ ಒಪ್ಪಿಸುತ್ತದೆ, ಒಂದು ಲೋಟ ನೀರು ಕೇಳು ಎಂದರೆ ಮಾತ್ರ ತಡವರಿಸುತ್ತದೆ. ಮಗು ದಡ್ಡ ಅಂದುಕೊಳ್ಳಬೇಡಿ. ಆ ಪದಗಳಿಂದ ಅದಕ್ಕೆ ಇದುವರೆಗೆ ಯಾವ ಕೆಲಸವೂ ಆಗಿಲ್ಲ.

"ಅರಬರ ಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ" ಎನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಅವರು ಮನೆಯಲ್ಲಿ ಆಡುವುದು ಆಯಾ ನಾಡಿನ ಆಡುಮಾತು. ಪುಸ್ತಕದ ಅರಬಿ, ಅಂದರೆ ಫುಸ್ಹಾ, ಅವರಿಗೂ ಶಾಲೆಯಲ್ಲೇ ಕಲಿಯಬೇಕಾದದ್ದು. ಅಬ್ದುಲ್ಲಾ ದನ್ನಾನ್ ಎಂಬ ಶಿಕ್ಷಣತಜ್ಞರು 1970ರ ದಶಕದ ಕೊನೆಯಲ್ಲಿ, ಮಗ ಹಸುಗೂಸಾಗಿದ್ದಾಗಿನಿಂದ ಅವನೊಡನೆ ಫುಸ್ಹಾದಲ್ಲೇ ಮಾತಾಡಿದರು. ತಾಯಿ ಆಡುಮಾತಿನಲ್ಲೇ ಮಾತಾಡಿಸಿದರು. ಹುಡುಗ ಎರಡನ್ನೂ ಕಲಿತ, ಗೊಂದಲವಾಗಲಿಲ್ಲ. 1988ರಲ್ಲಿ ದನ್ನಾನ್ ಕುವೈತಿನಲ್ಲಿ ಅದೇ ಕ್ರಮದ ಶಿಶುವಿಹಾರ ತೆರೆದರು. ಅಲ್ಲಿ ಆಟಕ್ಕೂ ಊಟಕ್ಕೂ ಟೀಚರುಗಳದು ಫುಸ್ಹಾ.

ನಮ್ಮಲ್ಲಿ ಎಡವುವುದು ಎಲ್ಲಿ? ಅರಬಿಯಲ್ಲಿ ಹೇಳಿದ ಬೆನ್ನಿಗೇ ಕನ್ನಡದಲ್ಲೋ ಬ್ಯಾರಿಯಲ್ಲೋ ಅರ್ಥ ಹೇಳಿಬಿಡುತ್ತೇವೆ. ದಯವಿಟ್ಟು ಹೇಳಬೇಡಿ. ಕರಾವಳಿಯ ಶಾಲೆಯೊಂದರ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಟೀಚರು "ಇಫ್ತಹಿಲ್ ಬಾಬ್" ಎಂದರು, ಆ ಉಸಿರಿನಲ್ಲೇ "ಬಾಗಿಲು ತೆಗೆ" ಎಂದೂ ಹೇಳಿದರು. ಹುಡುಗ ಮೊದಲನೆಯದಕ್ಕೆ ಅಲುಗಲಿಲ್ಲ, ಎರಡನೆಯದಕ್ಕೆ ಎದ್ದ. ಅರ್ಥ ಹೇಗೂ ಹಿಂದೆಯೇ ಬರುವಾಗ ಅರಬಿಗೆ ಯಾಕೆ ಕಿವಿಗೊಡಬೇಕು? ಪಕ್ಕದ ತರಗತಿಯ ಟೀಚರು ಅದೇ ಮಾತು ಹೇಳಿ, ಬಾಗಿಲತ್ತ ಕೈ ತೋರಿಸಿ ಸುಮ್ಮನೆ ನಿಂತರು. ಒಬ್ಬಳು ಹುಡುಗಿ ಬಾಗಿಲು ನೋಡಿದಳು, ಟೀಚರ ಮುಖ ನೋಡಿದಳು, ಎದ್ದು ಹೋಗಿ ಚಿಲಕ ಸರಿಸಿದಳು. ಮರುದಿನ ಕೈ ತೋರಿಸುವ ಅಗತ್ಯವೇ ಬೀಳಲಿಲ್ಲ.

ಕ್ರಮ ಇಷ್ಟೇ: ಹೇಳಿ, ತೋರಿಸಿ, ಕಾಯಿರಿ. ಆ ಕಾಯುವ ಹೊತ್ತಿನಲ್ಲಿ ಮಗು ಅರ್ಥವನ್ನು ತಾನೇ ಹುಡುಕಿಕೊಳ್ಳುತ್ತದೆ, ಹುಡುಕಿಕೊಂಡದ್ದು ಉಳಿಯುತ್ತದೆ. ಅರ್ಥ ನಾವೇ ಕೊಟ್ಟರೆ ಹುಡುಕುವ ಕೆಲಸವೇ ಇರುವುದಿಲ್ಲ.

ಹಾಗೆಂದು ಮಗುವಿನ ಕನ್ನಡವನ್ನು ತಡೆಯಬೇಡಿ. ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ಶಾಲೆಗಳಿವೆ. ದಂಡಕ್ಕೆ ಹೆದರಿದ ಮಗು ಯಾವ ಭಾಷೆಯಲ್ಲೂ ಬಾಯಿ ಬಿಡುವುದಿಲ್ಲ. ಅದು ಕನ್ನಡದಲ್ಲಿ ನೀರು ಕೇಳಿದರೆ ನೀರು ಕೊಡಿ, ಕೊಡುತ್ತಾ "ಉರೀದು ಮಾಅನ್" (ನನಗೆ ನೀರು ಬೇಕು) ಎಂದು ನೀವೇ ಅಂದು ತೋರಿಸಿ.

ಪದಗಳ ಆಯ್ಕೆ ಬಗ್ಗೆ ಇಷ್ಟು ಹೇಳುತ್ತೇನೆ: ಲೋಟ, ಚೀಲ, ಪೆನ್ಸಿಲ್, ಚಪ್ಪಲಿಯಿಂದ ಶುರುಮಾಡಿ, ಚಾರ್ಟಿನ ಸಿಂಹ, ಜಿರಾಫೆ ಆಮೇಲೆ ಬರಲಿ. ಅರಬಿ ಬಾರದ ತಾಯ್ತಂದೆಯರು ಸಂಜೆ "ಎಷ್ಟು ಪದ ಕಲಿತೆ?" ಎಂದು ಕೇಳುವ ಬದಲು, "ಇವತ್ತು ಅರಬಿಯಲ್ಲಿ ಏನೇನು ಕೇಳಿ ತಗೊಂಡೆ?" ಎಂದು ಕೇಳಿ.