ಬ್ಯಾಟರಿ ಮಿಷಿನ್ ಕೊಳ್ಳುವ ಕಸುಬುದಾರರಿಗೆ ನಾಲ್ಕು ಮಾತು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಕಸುಬುದಾರ ಸದಸ್ಯರ ಶಿಬಿರದಲ್ಲಿ, ಮರಗೆಲಸ ಮತ್ತು ವೈರಿಂಗ್ ಕೆಲಸದ ಸದಸ್ಯರ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಸಹಕಾರ ತತ್ವದ ಬಗ್ಗೆ ಮಾತಾಡಲು ನಮಗಿಂತ ತಿಳಿದವರು ಈ ವೇದಿಕೆಯ ಮೇಲೆ ಇದ್ದಾರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಕಥೆಯನ್ನು ಅವರ ಬಾಯಿಂದ ಕೇಳುವುದೇ ಚೆಂದ. ನಮಗೆ ವಹಿಸಿರುವ ವಿಷಯ ಸಣ್ಣದು. ಕಸುಬಿಗೆ ಬ್ಯಾಟರಿಯ ಡ್ರಿಲ್ಲಿಂಗ್ ಸೆಟ್ ಕೊಳ್ಳುವಾಗ ಏನು ನೋಡಬೇಕು, ಅಷ್ಟೆ.

ಸಣ್ಣದು ಅಂದೆವು, ಆದರೆ ಇದರಲ್ಲಿ ಸಂಘದ ದುಡ್ಡಿದೆ. ಈಚೆಗೆ ಬರುವ ಸಾಲದ ಅರ್ಜಿಗಳಲ್ಲಿ ಹಸು, ಪಂಪ್‌ಸೆಟ್, ಅಡಿಕೆ ಸುಲಿಯುವ ಯಂತ್ರದ ಜೊತೆಗೆ ‘ಬ್ಯಾಟರಿ ಮಿಷಿನ್ ಸೆಟ್’ ಅಂತ ಬರೆದ ಅರ್ಜಿಗಳೂ ಸೇರಿಕೊಂಡಿವೆ. ಅರ್ಜಿ ಹಾಕುವವನು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಜಾಮೀನು ನಿಲ್ಲುವವರು ಅವನ ದೊಡ್ಡಪ್ಪನೋ, ಪಕ್ಕದ ಮನೆಯವರೋ. ಕಂತು ತಪ್ಪಿದರೆ ಹುಡುಗನ ಮುಖ ಮಾತ್ರ ಸಪ್ಪಗಾಗುವುದಿಲ್ಲ.

ಹೆಸರು ಬೇಡ, ನಮ್ಮವರದೇ ಒಂದು ಸಂಗತಿ. ಪೇಟೆಯ ಒಂದು ಅಂಗಡಿಯಲ್ಲಿ ಐದು ಮಿಷಿನ್‌ಗಳ ದೊಡ್ಡ ಪೆಟ್ಟಿಗೆ ನೋಡಿ ಒಬ್ಬ ಹುಡುಗ ಮರುಳಾದ. ಡ್ರಿಲ್, ಸ್ಕ್ರೂ ಬಿಡುವ ಇಂಪ್ಯಾಕ್ಟ್, ಗ್ರೈಂಡರ್, ಗರಗಸ, ಜೊತೆಗೊಂದು ಟಾರ್ಚು. ಬ್ಯಾಟರಿ ಮಾತ್ರ ಎರಡೇ, ಅವೂ ಸಣ್ಣವು. ಕಂತಿನ ಮೇಲೆ ತಂದ. ಒಂದು ವರ್ಷದಲ್ಲಿ ಅವನು ದಿನಾ ಕೈಗೆತ್ತಿಕೊಂಡದ್ದು ಡ್ರಿಲ್ ಮತ್ತು ಇಂಪ್ಯಾಕ್ಟ್ ಎರಡನ್ನೇ. ಗ್ರೈಂಡರ್‌ಗೆ ಹಾಕಿದರೆ ಬ್ಯಾಟರಿ ಕೈ ತೊಳೆಯುವಷ್ಟರಲ್ಲಿ ಖಾಲಿ. ಎರಡನೆಯ ವರ್ಷ ಬ್ಯಾಟರಿಗಳು ಸೋತವು. ಅದೇ ಜಾತಿಯ ಬ್ಯಾಟರಿ ಕೇಳಿಕೊಂಡು ಹೋದರೆ, ಆ ಮಾಲು ಈಗ ಬರ್ತಾ ಇಲ್ಲ ಅಂದರು. ಮಿಷಿನ್ ಐದೂ ಚೆನ್ನಾಗಿವೆ, ಅಟ್ಟದ ಮೇಲೆ ಕೂತಿವೆ. ಕಂತು ಇನ್ನೂ ಏಳು ಬಾಕಿ ಇತ್ತು.

ಆದ್ದರಿಂದ ನಾವು ಹೇಳುವುದು ಇದು: ಮಿಷಿನ್ ಆಮೇಲೆ ನೋಡಿ, ಮೊದಲು ಬ್ಯಾಟರಿ ನೋಡಿ. ನೀವು ಕೊಳ್ಳುವುದು ಒಂದು ಡ್ರಿಲ್ ಅಲ್ಲ, ಒಂದು ಬ್ಯಾಟರಿಯ ಮನೆತನ. ಸಂಬಂಧ ಮಾಡುವ ಮೊದಲು ಮನೆತನ ವಿಚಾರಿಸುವ ಹಾಗೆ ಇದನ್ನೂ ವಿಚಾರಿಸಬೇಕು. ಒಂದು ಕಂಪನಿಯ ಬ್ಯಾಟರಿ ಇನ್ನೊಂದು ಕಂಪನಿಯ ಮಿಷಿನ್‌ಗೆ ಸಾಮಾನ್ಯವಾಗಿ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ಎರಡು ಮನೆತನ ಇರುತ್ತದೆ. ಬಾಷ್‌ನಲ್ಲಿ ನೀಲಿ ಬಣ್ಣದ ಕಸುಬಿನ ಮಾಲಿಗೂ ಹಸಿರು ಬಣ್ಣದ ಮನೆಬಳಕೆ ಮಾಲಿಗೂ, ಎರಡೂ 18 ವೋಲ್ಟ್ ಆದರೂ, ಬ್ಯಾಟರಿ ಬೇರೆ. ಮಕೀಟದಲ್ಲಿ 18 ವೋಲ್ಟಿನದು 40 ವೋಲ್ಟಿನ ಮಿಷಿನ್‌ಗೆ ಆಗುವುದಿಲ್ಲ. ಹಿಟಾಚಿ ಹೆಸರಿನಲ್ಲಿ ಬರುತ್ತಿದ್ದ ಮಿಷಿನ್‌ಗಳು 2018ರಿಂದ ಹೈಕೋಕಿ ಎಂಬ ಹೆಸರಿನಲ್ಲಿ ಬರುತ್ತಿವೆ. ಹಳೇ ಮಿಷಿನ್ ಇರುವವರು ಈ ಹೆಸರು ತಿಳಿದಿದ್ದರೆ ಅಂಗಡಿಯಲ್ಲಿ ಕೇಳುವುದು ಸುಲಭ.

ಈ ಬ್ಯಾಟರಿ ಮಿಷಿನ್ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ 1961ರಲ್ಲೇ ತಂತಿ ಇಲ್ಲದ ಡ್ರಿಲ್ ತಂದಿತ್ತು. 1971ರಲ್ಲಿ ಚಂದ್ರನ ಮೇಲೆ ಇಳಿದ ಅಪೊಲೊ 15ರವರು ನೆಲ ಕೊರೆದದ್ದೂ ಬ್ಯಾಟರಿ ಡ್ರಿಲ್ಲಿನಿಂದಲೇ. ಆದರೆ ಆಗಿನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಭಾರ ಜಾಸ್ತಿ, ಕಸುವು ಕಡಿಮೆ. ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು, 2005ರ ಹೊತ್ತಿಗೆ ಕಸುಬಿನ ಮಿಷಿನ್‌ಗಳಿಗೂ ಬಂತು. ಅಲ್ಲಿಂದ ಮೇಲೆ ಇದು ನಮ್ಮಂಥವರ ಕೈಗೆ ಎಟುಕುವ ಸಾಮಾನಾಯಿತು. ಭೈರಿಗೆಗೆ ಹಗ್ಗ ಸುತ್ತಿ ತೂತು ಕೊರೆದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಈ ಮಾತು ಸೋಜಿಗ ಅನಿಸಬಹುದು.

ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ಇರುತ್ತವೆ, ವೋಲ್ಟ್ ಮತ್ತು ಆಂಪಿಯರ್ ಅವರ್. ವೋಲ್ಟನ್ನು ತೊಟ್ಟಿಯ ಎತ್ತರ ಅಂತ ತಿಳಿದುಕೊಳ್ಳಿ, ಆಂಪಿಯರ್ ಅವರನ್ನು ತೊಟ್ಟಿಯ ಅಗಲ ಅಂತ ತಿಳಿದುಕೊಳ್ಳಿ. ಎರಡನ್ನೂ ಗುಣಿಸಿದರೆ ಒಳಗೆ ಎಷ್ಟು ನೀರಿದೆ ಗೊತ್ತಾಗುತ್ತದೆ. ಅದಕ್ಕೆ ವ್ಯಾಟ್ ಅವರ್ ಅಂತಾರೆ. 18 ವೋಲ್ಟ್, 2 ಆಂಪಿಯರ್ ಅವರ್ ಅಂದರೆ 36. ಅದೇ 4 ಆದರೆ 72, 5 ಆದರೆ 90. ಕೆಲವು ಕಂಪನಿಯವರು 20 ವೋಲ್ಟ್ ಮ್ಯಾಕ್ಸ್ ಅಂತ ದೊಡ್ಡದಾಗಿ ಬರೆಯುತ್ತಾರೆ. ಒಳಗೆ ಇರುವುದು ಅದೇ ಐದು ಸೆಲ್ಲಿನ ಸಾಲು. ಪೂರ್ತಿ ಚಾರ್ಜ್ ಆದ ಗಳಿಗೆಯಲ್ಲಿ 20, ಕೆಲಸ ಮಾಡುವಾಗ ಸರಾಸರಿ 18. ಎರಡು ವೋಲ್ಟ್ ಹೆಚ್ಚು ಸಿಕ್ಕಿತು ಅಂತ ಹೆಚ್ಚು ದುಡ್ಡು ಕೊಡಬೇಡಿ.

ಈಗ ಗ್ರೈಂಡರ್ ಲೆಕ್ಕ ನೋಡಿ. ವೈರಿನ ನಾಲ್ಕು ಇಂಚಿನ ಗ್ರೈಂಡರ್ ಸುಮಾರು 700 ವ್ಯಾಟಿನದು. 90 ವ್ಯಾಟ್ ಅವರಿನ ದೊಡ್ಡ ಬ್ಯಾಟರಿಯೇ ಇದ್ದರೂ, ಅಷ್ಟು ಕಸುವಿನಲ್ಲಿ ಎಡೆಬಿಡದೆ ಓಡಿಸಿದರೆ ಎಂಟು ನಿಮಿಷಕ್ಕೆ ಮುಗಿಯಿತು. ಎಡೆ ಕೊಟ್ಟು ಹಗುರಾಗಿ ಹಿಡಿದರೆ ಇನ್ನು ಸ್ವಲ್ಪ ಹೊತ್ತು. ಹಾಗಾಗಿ ಗ್ರೈಂಡರ್, ಮಾರ್ಬಲ್ ಕಟರ್, ಹಲಗೆ ಸೀಳುವ ಗರಗಸ, ಹತ್ತರಿ ಮಿಷಿನ್, ಇವು ವೈರಿನವೇ ಇರಲಿ. ಕರೆಂಟ್ ಇಲ್ಲದ ತೋಟದ ಮನೆಯಲ್ಲಿ ದಿನಕ್ಕೆ ನಾಲ್ಕು ಕಬ್ಬಿಣದ ಸರಳು ಕತ್ತರಿಸುವವರಿಗೆ ಬ್ಯಾಟರಿ ಗ್ರೈಂಡರ್ ಬೇಕಾದೀತು, ಇಲ್ಲ ಅನ್ನುವುದಿಲ್ಲ. ಆದರೆ ಅದು ಮೂರನೆಯ ವರ್ಷದ ಮಾತು. ಇರುವ ವೈರಿನ ಮಿಷಿನ್‌ಗಳನ್ನು ಮಾರಿ ಎಲ್ಲವನ್ನೂ ಬ್ಯಾಟರಿಯದು ಮಾಡಿಕೊಳ್ಳುವುದು ನಮ್ಮ ಮಟ್ಟಿಗೆ ಶೋಕಿ. ಬ್ಯಾಟರಿ ಬೆಲೆ ಕಟ್ಟುವುದು ಏಣಿಯ ಮೇಲೆ, ಅಟ್ಟದ ಮೂಲೆಯಲ್ಲಿ, ಹೊಸ ಮನೆಗೆ ಮೀಟರ್ ಬರುವ ಮೊದಲು. ತೂತು ಮತ್ತು ಸ್ಕ್ರೂ, ಇವೆರಡೇ ಅದರ ಮುಖ್ಯ ಕೆಲಸ.

ಮರಗೆಲಸದವರಿಗೆ 18 ವೋಲ್ಟಿನ ಡ್ರಿಲ್ ಒಂದು, ಇಂಪ್ಯಾಕ್ಟ್ ಒಂದು, 4 ಆಂಪಿಯರಿನ ಬ್ಯಾಟರಿ ಎರಡು, ಚಾರ್ಜರ್ ಒಂದು. ಇಷ್ಟರಲ್ಲಿ ಬಾಗಿಲು, ಚೌಕಟ್ಟು, ಕಪಾಟು ಎಲ್ಲ ಆಗುತ್ತದೆ. ಹೊನ್ನೆ, ಹಲಸಿನಂಥ ಗಟ್ಟಿ ಮರಕ್ಕೆ ಉದ್ದ ಸ್ಕ್ರೂ ಬಿಡುವಾಗ ಡ್ರಿಲ್ ಮಿಷಿನ್ ಕೈ ತಿರುಚುತ್ತದೆ. ಇಂಪ್ಯಾಕ್ಟ್ ಒಳಗಿನ ಸುತ್ತಿಗೆ ಟಕಟಕ ಹೊಡೆದು ತಿರುಗಿಸುವುದರಿಂದ ಕೈಗೆ ಆ ಏಟು ಬರುವುದಿಲ್ಲ. ಹಾಗಂತ ಸಣ್ಣ ಹಿತ್ತಾಳೆ ಸ್ಕ್ರೂವಿಗೆ ಇಂಪ್ಯಾಕ್ಟ್ ಹಿಡಿದರೆ ತಲೆ ಕಿತ್ತು ಬರುತ್ತದೆ. ಅದಕ್ಕೆ ಡ್ರಿಲ್ಲಿನ ಕತ್ತಿನ ಬಳಿ ಸಂಖ್ಯೆ ಬರೆದ ಬಳೆ ಇದೆಯಲ್ಲ, ಅದನ್ನು ಕಡಿಮೆ ಸಂಖ್ಯೆಗೆ ಇಟ್ಟು ಬಿಡಿ. ಸ್ಕ್ರೂ ಕೂತ ಕೂಡಲೆ ಕಟಕಟ ಅಂದು ತಾನೇ ನಿಲ್ಲುತ್ತದೆ. ಎಷ್ಟೋ ಜನ ಆ ಬಳೆಯನ್ನು ಮುಟ್ಟಿಯೇ ಇರುವುದಿಲ್ಲ.

ವೈರಿಂಗಿನವರು ದಿನವಿಡೀ ಕೈ ಎತ್ತಿ ಕೆಲಸ ಮಾಡುವವರು. ಅವರಿಗೆ ಭಾರವೇ ಶತ್ರು. ಸ್ವಿಚ್ ಬಾಕ್ಸ್, ಬೋರ್ಡು, ಕ್ಲಿಪ್ಪು, ಇಷ್ಟಕ್ಕೆ 12 ವೋಲ್ಟಿನ ಸಣ್ಣ ಮಿಷಿನ್ ಸಾಕು, ಜೇಬಿಗೆ ಹತ್ತಿರ. ತೊಂದರೆ ಬರುವುದು ಗೋಡೆಯಲ್ಲಿ. ಇಟ್ಟಿಗೆಗೆ, ಜಂಬಿಟ್ಟಿಗೆ ಕಲ್ಲಿಗೆ ಹ್ಯಾಮರ್ ಇರುವ ಡ್ರಿಲ್ ಆಗುತ್ತದೆ. ಲಿಂಟಲ್, ತಾರಸಿ, ಸೈಜುಗಲ್ಲು ಬಂದರೆ ಅದು ಅಳುತ್ತದೆ, ಬಿಟ್ ಸುಡುತ್ತದೆ. ಅಲ್ಲಿಗೆ ಎಸ್‌ಡಿಎಸ್ ಬಿಟ್ ಹಾಕುವ ರೋಟರಿ ಹ್ಯಾಮರ್ ಬೇಕು. ಇದರಲ್ಲಿ ಒಳಗಿನ ಪಿಸ್ಟನ್ ಗಾಳಿಯ ಒತ್ತಡದಿಂದ ಬಿಟ್ಟಿಗೆ ಹೊಡೆಯುತ್ತದೆ, ನಾವು ಮೈಭಾರ ಹಾಕಿ ಒತ್ತಬೇಕಾಗಿಲ್ಲ. ವೈರಿನ ಎರಡೂವರೆ ಕಿಲೋ ರೋಟರಿ ಹ್ಯಾಮರ್ ಒಂದು, ಬ್ಯಾಟರಿಯ 12 ವೋಲ್ಟಿನ ಡ್ರಿಲ್ ಒಂದು ಇದ್ದರೆ, ವೈರಿಂಗಿನವನಿಗೆ ಐದು ಮಿಷಿನ್‌ಗಳ ಪೆಟ್ಟಿಗೆಗಿಂತ ಅದೇ ಮೇಲು.

ಬ್ರಷ್‌ಲೆಸ್ ಬೇಕೇ ಅಂತ ಕೇಳುತ್ತಾರೆ. ಹಳೇ ಮಾದರಿಯಲ್ಲಿ ಕಾರ್ಬನ್ ಬ್ರಷ್ ಉಜ್ಜಿ ಸವೆಯುತ್ತದೆ, ಸ್ವಲ್ಪ ಕರೆಂಟ್ ಬಿಸಿಯಾಗಿ ಹೋಗುತ್ತದೆ. ಬ್ರಷ್‌ಲೆಸ್‌ನಲ್ಲಿ ಅದಿಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ. ದಿನಾ ಬಳಸುವ ಮಿಷಿನ್‌ಗೆ ಅಷ್ಟು ದುಡ್ಡು ಕೊಡಬಹುದು. ವಾರಕ್ಕೊಮ್ಮೆ ತೆಗೆಯುವುದಕ್ಕೆ ಬೇಡ.

ಇನ್ನು, ಬರೀ ಒಂಟಿಯಾಗಿ ಯೋಚಿಸಬೇಡಿ ಅನ್ನುವುದು ನಮ್ಮ ಕೋರಿಕೆ. ಒಂದೇ ಮನೆ ಕಟ್ಟುವಲ್ಲಿ ನಮ್ಮವರೇ ನಾಲ್ಕು ಜನ ಇರುತ್ತೇವೆ, ಬಡಗಿ, ವೈರಿಂಗಿನವನು, ನಲ್ಲಿ ಕೆಲಸದವನು, ಕಬ್ಬಿಣದ ಕೆಲಸದವನು. ನಾಲ್ವರದೂ ನಾಲ್ಕು ಕಂಪನಿ, ನಾಲ್ಕು ಚಾರ್ಜರ್. ಇರುವ ಒಂದು ಪ್ಲಗ್ಗಿಗೆ ಜಗಳ. ನಾಲ್ವರೂ ಒಂದೇ ಬ್ಯಾಟರಿ ಮನೆತನಕ್ಕೆ ಬಂದರೆ ಒಬ್ಬನದು ಮುಗಿದಾಗ ಇನ್ನೊಬ್ಬನದು ಸಿಗುತ್ತದೆ. ಒಟ್ಟಿಗೆ ಹತ್ತು ಸೆಟ್ ಕೇಳಿದರೆ ಅಂಗಡಿಯವರೂ ಮಾತಿಗೆ ಬಗ್ಗುತ್ತಾರೆ. ಕಾಂಕ್ರೀಟ್ ಒಡೆಯುವ ದೊಡ್ಡ ಬ್ರೇಕರ್ ಅಪರೂಪಕ್ಕೆ ಬೇಕಾಗುವ ಸಾಮಾನು. ಅಂಥದ್ದನ್ನು ಸಂಘವೇ ಒಂದು ತಂದಿಟ್ಟು ಬಾಡಿಗೆಗೆ ಕೊಡಲಿ ಎಂದು ಆಡಳಿತ ಮಂಡಳಿಗೆ ಇಲ್ಲಿಂದಲೇ ಮನವಿ ಮಾಡುತ್ತೇವೆ. ಔಷಧಿ ಹೊಡೆಯುವ ಪಂಪು ಕೊಡುವ ಸಂಘಕ್ಕೆ ಇದೇನು ಹೊರೆಯಲ್ಲ.

ಕೊಳ್ಳುವಾಗ ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಲ್ ಇಲ್ಲದೆ ಒಂದು ಸಾವಿರ ಕಡಿಮೆ ಅಂದರೆ, ಆ ಸಾವಿರ ವಾರಂಟಿಯ ಬೆಲೆ. ಬಿಲ್ಲಿನಲ್ಲಿ ಮಿಷಿನ್ನಿನ ನಂಬರ್ ಬರೆಸಿ. ಬ್ಯಾಟರಿಗೆ ವಾರಂಟಿ ಎಷ್ಟು ಅಂತ ಪ್ರತ್ಯೇಕ ಕೇಳಿ, ಮಿಷಿನ್ನಿಗೆ ಇರುವಷ್ಟು ಅದಕ್ಕೆ ಇರಬೇಕೆಂದೇನೂ ಇಲ್ಲ. ಬ್ಯಾಟರಿ ಬಿಡಿಯಾಗಿ ಅಂಗಡಿಯಲ್ಲಿ ಇದೆಯೇ, ಇದ್ದರೆ ಬೆಲೆ ಏನು ಅಂತ ಕೇಳಿ, ಕಣ್ಣಾರೆ ನೋಡಿ. ನಾಡಿದ್ದು ತರಿಸಿಕೊಡ್ತೀವಿ ಅಂದರೆ ಆ ಮನೆತನ ಬೇಡ. ರಿಪೇರಿ ಜಾಗ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ ಇರಲಿ. ಮಿಷಿನ್ ಅಲ್ಲಿ ಒಂದು ವಾರ ಕೂತರೆ ನಿಮ್ಮ ಒಂದು ವಾರದ ಕೂಲಿಯೂ ಅಲ್ಲೇ ಕೂತಂತೆ.

ಚಾರ್ಜ್ ಮಾಡುವ ಕರೆಂಟಿಗೆ ಹೆದರಬೇಡಿ. 72 ವ್ಯಾಟ್ ಅವರಿನ ಬ್ಯಾಟರಿಯನ್ನು, ಸೋರಿಕೆ ಕಳೆದರೂ, ಒಂದು ಯೂನಿಟ್ಟಿನಲ್ಲಿ ಹತ್ತು ಸಲ ಚಾರ್ಜ್ ಮಾಡಬಹುದು. ಖರ್ಚು ಇರುವುದು ಬ್ಯಾಟರಿ ಸವೆಯುವುದರಲ್ಲಿ. ಸರಿಯಾಗಿ ನೋಡಿಕೊಂಡರೆ ನೂರಾರು ಚಾರ್ಜ್ ಬರುತ್ತದೆ. ಹಳೇ ನಿಕ್ಕಲ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅನ್ನುತ್ತಿದ್ದರು. ಆ ಅಭ್ಯಾಸ ಲಿಥಿಯಂಗೆ ವಿಷ. ಕಸುವು ಇಳಿದದ್ದು ಕಂಡ ಕೂಡಲೆ ತೆಗೆದು ಚಾರ್ಜಿಗೆ ಹಾಕಿ. ಮುಟ್ಟಿದರೆ ಬಿಸಿ ಇದ್ದರೆ ನೆರಳಲ್ಲಿ ಆರಿಸಿ ಆಮೇಲೆ ಹಾಕಿ. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಪೆಟ್ಟಿಗೆಯೊಳಗೆ ಬಿಟ್ಟು ಹೋಗಬೇಡಿ. ಆಷಾಢದಲ್ಲಿ ಕೆಲಸ ಇಲ್ಲದೆ ಎರಡು ತಿಂಗಳು ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ಮಿಷಿನ್ನಿಂದ ಬಿಚ್ಚಿ, ಒಲೆಯಿಂದ ದೂರ ಒಣ ಜಾಗದಲ್ಲಿ ಇಡಿ. ಸೋತ ಬ್ಯಾಟರಿಗೆ ಪೇಟೆಯಲ್ಲಿ ಕಡಿಮೆ ದುಡ್ಡಿಗೆ ಹೊಸ ಸೆಲ್ ಹಾಕಿಕೊಡುವವರಿದ್ದಾರೆ. ಒಂದಕ್ಕೊಂದು ಹೊಂದದ ಸೆಲ್ ಸೇರಿದರೆ ಬೆಂಕಿ ಹತ್ತುವ ಭಯವುಂಟು, ಮನೆಯಲ್ಲಿ ಮಕ್ಕಳಿರುತ್ತಾರೆ. ಹಳೆಯದನ್ನು ಗೊಬ್ಬರದ ಗುಂಡಿಗೂ ಒಲೆಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಅದನ್ನು ಕೇಳಿ.

ಕೊನೆಗೆ ಸಾಲದ ಮಾತು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ ಸಲಕರಣೆಗೆಂದು 15,000 ರೂಪಾಯಿವರೆಗಿನ ವೋಚರ್ ಇಟ್ಟಿದ್ದಾರೆ. ಮೊದಲ ಹಂತದಲ್ಲಿ ಶೇಕಡ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲವೂ ಇಟ್ಟಿದ್ದಾರೆ. ಬಡಗಿ, ಕಮ್ಮಾರ, ಗಾರೆಯವರು ಆ ಪಟ್ಟಿಯಲ್ಲಿದ್ದಾರೆ. ವೈರಿಂಗಿನವರು, ನಲ್ಲಿಯವರು ಇಲ್ಲ. ಅವರಿಗೆ ಸಂಘವೇ ಗತಿ. ಅರ್ಜಿ ಬರೆಯುವ ಮೊದಲು ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡಿ: ಯಾವ ಮಿಷಿನ್ ಎಷ್ಟು ದಿನ ಬೇಕಾಯಿತು, ಎಷ್ಟು ದಿನ ಬಾಡಿಗೆಗೆ ತಂದಿರಿ, ಕರೆಂಟ್ ಇಲ್ಲದೆ ಎಷ್ಟು ಹೊತ್ತು ಸುಮ್ಮನೆ ಕೂತಿರಿ. ಜಾಮೀನು ಹಾಕುವ ಹಿರಿಯರೂ ಆ ಪುಸ್ತಕ ತೋರಿಸಪ್ಪ ಅಂತ ಕೇಳಿ, ಸಂಕೋಚ ಬೇಡ.

ಆ ಮೇಜಿನ ಮೇಲೆ ನಮ್ಮ ಬಳಕೆಯ ಮೂರು ಮಿಷಿನ್ ಇಟ್ಟಿದ್ದೇವೆ, ಒಂದು 12 ವೋಲ್ಟಿನದು, ಎರಡು 18 ವೋಲ್ಟಿನವು. ಪಕ್ಕದಲ್ಲಿ ಹಲಸಿನ ತುಂಡು, ಸೈಜುಗಲ್ಲಿನ ಚೂರು ಇದೆ. ಊಟದ ಗಂಟೆ ಆಗುವ ಮೊದಲು ಬಂದು ಒಬ್ಬೊಬ್ಬರಾಗಿ ಕೊರೆದು ನೋಡಿ. ಕಣ್ಣಿಗೆ ಕನ್ನಡಕ ಅಲ್ಲೇ ಇದೆ, ಹಾಕಿಕೊಂಡೇ ಮುಟ್ಟಿ.